ಅಂಟುವ ಮುನ್ನ: ನಗರವೊಂದು ಹಿಮವನ್ನು ನಿಭಾಯಿಸುವ ಬಗೆ

(ಕೆನಡಾದ ಊರುಗಳಿಗೆ ಬಂದು ನೆಲೆಸುತ್ತಿರುವ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ಹಾಕೋಣ. ಎಂಟು ಮೀಟರ್ ಅಗಲದ ಒಂದು ಬೀದಿ, ಎರಡೂ ಬದಿಗೆ ಒಂದೂವರೆ ಮೀಟರಿನ ಫುಟ್‌ಪಾತ್, ಒಟ್ಟು 11 ಮೀಟರ್. ರಾತ್ರಿ ಬೆಳಗಾಗುವಷ್ಟರಲ್ಲಿ 20 ಸೆಂಟಿಮೀಟರ್ ಹಿಮ ಬಿದ್ದಿದೆ. ಬರೀ ನೂರು ಮೀಟರ್ ಉದ್ದಕ್ಕೆ 220 ಘನ ಮೀಟರ್ ಹಿಮವಾಯಿತು. ಆಗತಾನೇ ಬಿದ್ದ ಹಿಮ ಘನ ಮೀಟರಿಗೆ ಸುಮಾರು 100 ಕೆಜಿ ತೂಗುತ್ತದೆ, ಹಾಗಾಗಿ ಒಟ್ಟು ತೂಕ 22 ಟನ್. ಇದನ್ನೆಲ್ಲ ಉಪ್ಪು ಹಾಕಿಯೇ ಕರಗಿಸುತ್ತೇವೆ ಎಂದುಕೊಳ್ಳಿ. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಒಂದು ಕೆಜಿ ಉಪ್ಪು ಕರಗಿಸುವುದು ಎಂಟೂವರೆ ಕೆಜಿ ಮಂಜುಗಡ್ಡೆಯನ್ನು. ಆ ಲೆಕ್ಕದಲ್ಲಿ ನೂರು ಮೀಟರ್ ಬೀದಿಗೇ ಎರಡೂವರೆ ಟನ್ ಉಪ್ಪು ಬೇಕು. ಉಪ್ಪಿನ ಲಾರಿ ಆ ನೂರು ಮೀಟರಿನಲ್ಲಿ ಒಂದು ಲೇನಿಗೆ ಸುರಿಯುವುದು ಎಷ್ಟು? 5ರಿಂದ 15 ಕೆಜಿ.

ಇಷ್ಟು ಅಂತರವಿದ್ದರೂ ಆ ಅಲ್ಪ ಉಪ್ಪು ಕೆಲಸ ಮಾಡುತ್ತದೆ. ಏಕೆಂದರೆ ಬೀದಿಯ ಹಿಮವನ್ನು ಕರಗಿಸಲು ಅದನ್ನು ಹಾಕುವುದೇ ಇಲ್ಲ. ಹಿಮಕ್ಕೂ ಡಾಂಬರಿಗೂ ನಡುವೆ ಕಾಗದದಷ್ಟು ತೆಳುವಾದ ಉಪ್ಪುನೀರಿನ ಪದರವೊಂದು ಉಳಿದರೆ ಸಾಕು, ಹಿಮ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ. ಮಿಕ್ಕದ್ದನ್ನು ಪ್ಲೋ, ಅಂದರೆ ಮುಂದೆ ಅಗಲವಾದ ಬ್ಲೇಡ್ ಕಟ್ಟಿದ ಲಾರಿ, ತಳ್ಳಿಬಿಡುತ್ತದೆ. ದೋಸೆ ಹುಯ್ಯುವ ಮುಂಚೆ ಕಾವಲಿಗೆ ಎಣ್ಣೆ ಸವರಿದರೆ ಎಬ್ಬಿಸುವುದು ಸಲೀಸು. ಅಂಟಿಕೊಂಡ ಮೇಲೆ ಎಷ್ಟು ಎಣ್ಣೆ ಬಿಟ್ಟರೂ ಕೆರೆಯುವುದು ತಪ್ಪುವುದಿಲ್ಲ. ಇವತ್ತು ಹೇಳಲು ಹೊರಟಿರುವುದರ ತಿರುಳು ಇಷ್ಟೇ: ಹಿಮ ನಿರ್ವಹಣೆಯಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಸುರಿದ ಉಪ್ಪಿನ ಪ್ರಮಾಣದಿಂದಲ್ಲ, ಸುರಿದ ಗಳಿಗೆಯಿಂದ. ಆ ಗಳಿಗೆ ತಪ್ಪಿದಾಗ ಹೆಚ್ಚು ನೋಯುವವರು ಕಾರಿನಲ್ಲಿ ಹೋಗುವವರಲ್ಲ, ನಡೆದು ಹೋಗುವವರು.

ಉದಾಹರಣೆಗೆ ಮಾಂಟ್ರಿಯಲ್ ನಗರವನ್ನು ತೆಗೆದುಕೊಳ್ಳೋಣ. ವರ್ಷಕ್ಕೆ ಸರಾಸರಿ ಎರಡು ಮೀಟರ್ ಹಿಮ ಬೀಳುವ, ಇಕ್ಕಟ್ಟಾದ ಹಳೆಯ ಬೀದಿಗಳಿರುವ, ಮನೆ ಮುಂದೆ ಸಾಲಾಗಿ ಕಾರು ನಿಲ್ಲಿಸುವ ಊರು ಅದು. ಬೀದಿ, ಫುಟ್‌ಪಾತ್, ಸೈಕಲ್ ದಾರಿ ಎಲ್ಲ ಸೇರಿ ಸುಮಾರು 10,000 ಕಿಲೋಮೀಟರ್. ಇಷ್ಟನ್ನೂ ಪ್ರತಿ ಸಲವೂ ನಾಲ್ಕು ಹಂತಗಳಲ್ಲಿ ಸರಿಪಡಿಸಬೇಕು: ಉಪ್ಪು ಅಥವಾ ಜಲ್ಲಿ ಹಾಕುವುದು, ಹಿಮ ತಳ್ಳುವುದು, ಟಿಪ್ಪರಿಗೆ ತುಂಬುವುದು, ತುಂಬಿದ್ದನ್ನು ಎಲ್ಲಾದರೂ ಹಾಕುವುದು.

ಮೊದಲ ಹಂತದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಉಷ್ಣತೆ, ಅದೂ ಗಾಳಿಯದ್ದಲ್ಲ, ರಸ್ತೆಯ ಮೇಲ್ಮೈಯದ್ದು. ಫೋನಿನಲ್ಲಿ ಕಾಣುವುದು ಗಾಳಿಯ ಉಷ್ಣತೆ. ನವೆಂಬರಿನಲ್ಲಿ ನೆಲ ಇನ್ನೂ ಬೆಚ್ಚಗಿರುವುದರಿಂದ ಗಾಳಿ −2 ಇದ್ದರೂ ರಸ್ತೆ ಒದ್ದೆಯಾಗಿಯೇ ಉಳಿಯಬಹುದು. ಫೆಬ್ರವರಿಯ ಕೊನೆಗೆ ಗಾಳಿ +2 ಇದ್ದರೂ ಶುಭ್ರ ಆಕಾಶದ ರಾತ್ರಿಯಲ್ಲಿ ರಸ್ತೆ ಸೊನ್ನೆಗಿಂತ ಕೆಳಗಿಳಿದು ಬ್ಲ್ಯಾಕ್ ಐಸ್, ಅಂದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ, ಕಟ್ಟುತ್ತದೆ. ಸೇತುವೆಗಳಿಗೆ ಕೆಳಗಿನಿಂದ ನೆಲದ ಕಾವು ಸಿಗದು, ಗಾಳಿ ಎರಡೂ ಕಡೆಯಿಂದ ಹೊಡೆಯುತ್ತದೆ, ಹಾಗಾಗಿ ಅವು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಅದಕ್ಕೇ ಗಸ್ತು ವಾಹನಗಳಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಅಳವಡಿಸುತ್ತಾರೆ, ರಸ್ತೆಯೊಳಗೇ ಸೆನ್ಸರ್ ಹುದುಗಿಸುತ್ತಾರೆ.

ಉಷ್ಣತೆ ಇಷ್ಟು ಮುಖ್ಯವಾಗಲು ಕಾರಣ ಉಪ್ಪಿನ ಶಕ್ತಿ ತೀರಾ ಬೇಗ ಕುಸಿಯುವುದು. −1 ಡಿಗ್ರಿಯಲ್ಲಿ ಒಂದು ಕೆಜಿ ಉಪ್ಪು ಸುಮಾರು 46 ಕೆಜಿ ಮಂಜುಗಡ್ಡೆ ಕರಗಿಸುತ್ತದೆ. −4ರಲ್ಲಿ ಅದು 14 ಕೆಜಿ, −7ರಲ್ಲಿ ಎಂಟೂವರೆ, −12ರಲ್ಲಿ ಐದಕ್ಕೂ ಕಡಿಮೆ. ಬೇಕಾಗುವ ಸಮಯವೂ ಹಿಗ್ಗುತ್ತದೆ: −1ರಲ್ಲಿ ಐದು ನಿಮಿಷದ ಕೆಲಸ −9ರ ಹೊತ್ತಿಗೆ ಒಂದು ಗಂಟೆ. ಉಪ್ಪುನೀರು −21 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ ಎಂದು ಪುಸ್ತಕ ಹೇಳುವುದು ನಿಜ, ಆದರೆ ಅದು ದ್ರಾವಣದಲ್ಲಿ ತೂಕದ 23.3 ಶೇಕಡಾ ಉಪ್ಪಿದ್ದಾಗ ಮಾತ್ರ. ಮಂಜುಗಡ್ಡೆ ಕರಗಿದಂತೆ ದ್ರಾವಣ ತೆಳುವಾಗುತ್ತದೆ, ತೆಳುವಾದದ್ದು ಮತ್ತೆ ಹೆಪ್ಪುಗಟ್ಟುತ್ತದೆ. ಹಾಗಾಗಿ −10ರ ಆಸುಪಾಸಿನಿಂದಲೇ ಬರೀ ಉಪ್ಪು ಕೈಕೊಡಲು ಶುರುವಾಗುತ್ತದೆ. ಇನ್ನೂ ಚಳಿಯಾದರೆ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಅವು ಹೆಚ್ಚು ಕೆಳಗಿನವರೆಗೆ ಕೆಲಸ ಮಾಡುತ್ತವೆ, ಬೆಲೆಯೂ ಹೆಚ್ಚು. ಮಾಂಟ್ರಿಯಲ್ −15ರ ಕೆಳಗೆ ಸಣ್ಣ ಜಲ್ಲಿಗೆ ಹೊರಳುತ್ತದೆ. ಜಲ್ಲಿ ಏನನ್ನೂ ಕರಗಿಸುವುದಿಲ್ಲ, ಕಾಲಿಗೂ ಚಕ್ರಕ್ಕೂ ಹಿಡಿತ ಕೊಡುತ್ತದೆ. ಬೇಕಾದದ್ದೂ ಅಷ್ಟೇ.

ಇನ್ನೂ ಪಶ್ಚಿಮದ ಕ್ಯಾಲ್ಗರಿಯ ಕಥೆ ಬೇರೆ. ಅಲ್ಲಿ ಹಿಮಕ್ಕಿಂತ ಹೆಚ್ಚು ಕಾಡುವುದು ಶಿನೂಕ್ ಗಾಳಿ. ರಾಕಿ ಪರ್ವತಗಳನ್ನು ದಾಟಿ ಇಳಿಯುವ ಈ ಬೆಚ್ಚನೆಯ ಗಾಳಿ ಕೆಲವೇ ಗಂಟೆಗಳಲ್ಲಿ ಉಷ್ಣತೆಯನ್ನು 15–20 ಡಿಗ್ರಿ ಏರಿಸಬಲ್ಲದು. ಮಧ್ಯಾಹ್ನ ಎಲ್ಲ ಕರಗಿ ಹರಿಯುತ್ತದೆ, ರಾತ್ರಿ ಅದೇ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹೀಗಾಗಿ ಅಲ್ಲಿ ಸಣ್ಣ ಜಲ್ಲಿಗೆ ಶೇಕಡಾ ಮೂರರಷ್ಟು ಉಪ್ಪು ಬೆರೆಸಿ ಹಾಕುವ ರೂಢಿ ಬೆಳೆದಿದೆ. ಆ ಉಪ್ಪು ರಸ್ತೆಗಿಂತ ಹೆಚ್ಚಾಗಿ ಜಲ್ಲಿಯ ರಾಶಿಗೇ ಬೇಕು, ಇಲ್ಲದಿದ್ದರೆ ರಾಶಿಯೇ ಹೆಪ್ಪುಗಟ್ಟಿ ಬಂಡೆಯಾಗುತ್ತದೆ. ಹಾಕಿದ ಜಲ್ಲಿಯನ್ನೆಲ್ಲ ವಸಂತದಲ್ಲಿ ಗುಡಿಸಿ ಎತ್ತಬೇಕು, ಬಿಟ್ಟರೆ ಚರಂಡಿಯಲ್ಲಿ ಹೂಳು ತುಂಬುತ್ತದೆ.

ಹಿಮ ಬೀಳುವ ಮೊದಲೇ ರಸ್ತೆಗೆ ಉಪ್ಪುನೀರು ಹಾಕುವುದು ಈಗ ಟೊರಾಂಟೊ ಸೇರಿ ಹಲವು ಕಡೆ ನಡೆಯುತ್ತದೆ. ಸಾವಿರ ಲೀಟರ್ ನೀರಿಗೆ ಸುಮಾರು 300 ಕೆಜಿ ಉಪ್ಪು ಕರಗಿಸಿದರೆ ಬೇಕಾದ 23.3 ಶೇಕಡಾ ಸಿಗುತ್ತದೆ. ಹೈಡ್ರೋಮೀಟರ್ ಇಳಿಬಿಟ್ಟು ಸಾಂದ್ರತೆ ನೋಡುತ್ತಾರೆ, ಅದು ನೀರಿನ ಸಾಂದ್ರತೆಯ 1.18 ಪಟ್ಟಿನ ಹತ್ತಿರ ಇರಬೇಕು. ಕಡಿಮೆಯಾದರೆ ಬೇಗ ಹೆಪ್ಪುಗಟ್ಟುತ್ತದೆ. ಹೆಚ್ಚಾದರೂ ಹೆಪ್ಪುಗಟ್ಟುವ ಬಿಂದು ಮೇಲೇರುತ್ತದೆ, ಉಪ್ಪು ಹರಳುಗಟ್ಟಿ ನಳಿಕೆ ಮುಚ್ಚುತ್ತದೆ. ಒಂದು ಲೇನಿನ ಒಂದು ಕಿಲೋಮೀಟರ್ ಉದ್ದಕ್ಕೆ 100 ಲೀಟರ್ ಆಸುಪಾಸು, ಅಂದರೆ ಸುಮಾರು 27 ಕೆಜಿ ಉಪ್ಪು. ಒಣ ಉಪ್ಪಿನ ಲೆಕ್ಕಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ನೀರನ್ನು ಪೂರ್ತಿ ಹರಡದೆ ಗೆರೆಗೆರೆಯಾಗಿ ಬಿಡುತ್ತಾರೆ. ನಡುವಿನ ಒಣ ಜಾಗ ಚಕ್ರಕ್ಕೆ ಹಿಡಿತ ಕೊಡಲಿ ಎಂಬುದು ಉದ್ದೇಶ. ಮಳೆಯಾಗಿ ಆರಂಭವಾಗಿ ಆಮೇಲೆ ಹಿಮವಾಗುವ ಮುನ್ಸೂಚನೆ ಇದ್ದರೆ ಇದನ್ನು ಮಾಡಬಾರದು, ಎಲ್ಲ ತೊಳೆದು ಹೋಗುತ್ತದೆ. ಕಡು ಚಳಿಯಲ್ಲಿ ಒಣ ಹಿಮ ಗಾಳಿಗೆ ಹಾರುತ್ತಿದ್ದರೂ ಮಾಡಬಾರದು. ಒಣ ರಸ್ತೆಯ ಮೇಲೆ ಅದು ತಾನಾಗಿ ಹಾರಿ ಹೋಗುತ್ತಿತ್ತು, ಒದ್ದೆ ಮಾಡಿದರೆ ನಾವೇ ಅಂಟಿಸಿದಂತೆ.

ಒಣ ಉಪ್ಪಿನಲ್ಲಿ ಪೋಲಾಗುವುದೇ ಹೆಚ್ಚು. ಲಾರಿಯ ಹಿಂದಿನ ತಿರುಗುವ ತಟ್ಟೆಯಿಂದ ಚಿಮ್ಮಿದ ಹರಳು ಪುಟಿದು, ವಾಹನಗಳ ಗಾಳಿಗೆ ಸಿಕ್ಕಿ, ಸುಮಾರು ಮೂರನೇ ಒಂದು ಭಾಗ ರಸ್ತೆ ಬಿಟ್ಟು ಹೊರಗೆ ಬೀಳಬಹುದು. ತಟ್ಟೆಯ ಬಳಿಯೇ ಟನ್ನಿಗೆ 30–40 ಲೀಟರಿನಷ್ಟು ಉಪ್ಪುನೀರು ಸಿಂಪಡಿಸಿ ಒದ್ದೆ ಮಾಡಿದರೆ ಹರಳು ಬಿದ್ದಲ್ಲೇ ಕೂರುತ್ತದೆ, ಬೇಗ ಕೆಲಸವನ್ನೂ ಶುರು ಮಾಡುತ್ತದೆ. ಇನ್ನೊಂದು ತಪ್ಪು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಗಂಟೆಗೆ 30 ಕಿ.ಮೀ. ವೇಗದ ಲಾರಿ ನಿಮಿಷಕ್ಕೆ ಅರ್ಧ ಕಿ.ಮೀ. ಸಾಗುತ್ತದೆ. ಕಿಲೋಮೀಟರಿಗೆ 100 ಕೆಜಿ ಬೇಕಾದರೆ ನಿಮಿಷಕ್ಕೆ 50 ಕೆಜಿ ಬೀಳಬೇಕು. ಟ್ರಾಫಿಕ್ಕಿನಲ್ಲಿ ವೇಗ 15ಕ್ಕೆ ಇಳಿದರೂ ನಿಮಿಷಕ್ಕೆ 50 ಕೆಜಿಯೇ ಬೀಳುತ್ತಿದ್ದರೆ ಕಿಲೋಮೀಟರಿಗೆ 200 ಕೆಜಿ ಆಯಿತು. ಸಿಗ್ನಲ್ಲಿನಲ್ಲಿ ನಿಂತರೆ ರಾಶಿಯೇ ಬೀಳುತ್ತದೆ. ಆದ್ದರಿಂದ ಉದುರುವ ಪ್ರಮಾಣವನ್ನು ಚಕ್ರದ ವೇಗಕ್ಕೆ ಜೋಡಿಸುವ ನಿಯಂತ್ರಕ ಇರಬೇಕು, ಚಳಿಗಾಲಕ್ಕೆ ಮುನ್ನ ಪ್ರತಿ ಲಾರಿಯ ಕೆಳಗೂ ಒಂದು ನಿಮಿಷ ಉಪ್ಪು ಹಿಡಿದು ತೂಗಿ ಸರಿಹೊಂದಿಸಬೇಕು. ಈ ಬೇಸರದ ಕೆಲಸವನ್ನು ಶ್ರದ್ಧೆಯಿಂದ ಮಾಡುವ ಊರು ಹೊಸ ಯಂತ್ರ ಕೊಳ್ಳುವ ಊರಿಗಿಂತ ಹೆಚ್ಚು ಉಳಿಸುತ್ತದೆ.

ಎರಡನೆಯ ಹಂತ ತಳ್ಳುವುದು. ಮಾಂಟ್ರಿಯಲ್‌ನಲ್ಲಿ ಎರಡೂವರೆ ಸೆಂಟಿಮೀಟರ್ ಬಿದ್ದ ಕೂಡಲೇ ಪ್ಲೋಗಳು ಹೊರಡುತ್ತವೆ. ಮುಖ್ಯ ರಸ್ತೆ, ಬಸ್ ಲೇನ್, ಆಸ್ಪತ್ರೆ, ಮೆಟ್ರೋ ನಿಲ್ದಾಣ, ಶಾಲೆಗಳ ಸುತ್ತಮುತ್ತ ಮೊದಲು. ಮುಖ್ಯ ರಸ್ತೆಗೆ ಕೂಡುವ ಬೀದಿಗಳು ಆಮೇಲೆ. ಮನೆಗಳ ಓಣಿಗಳು ಕೊನೆಗೆ. ಫುಟ್‌ಪಾತಿಗೆಂದೇ ಸಣ್ಣ ಟ್ರ್ಯಾಕ್ಟರುಗಳಿವೆ. ಪ್ಲೋ ಬಂದು ಹೋದ ಮೇಲೆ ನಿಮ್ಮ ಕಾರಿನ ಪಕ್ಕ ಗೋಡೆಯಂತೆ ನಿಲ್ಲುವ ಹಿಮಕ್ಕಾಗಿ ಚಾಲಕರನ್ನು ಬಯ್ಯುವುದು ವಾಡಿಕೆ. ಬ್ಲೇಡು ಹಿಮವನ್ನು ಪಕ್ಕಕ್ಕೆ ಸರಿಸಬಲ್ಲುದೇ ಹೊರತು ಮಾಯ ಮಾಡಲಾರದು.

ಆ ಗೋಡೆಯನ್ನು ಎತ್ತುವುದೇ ಮೂರನೆಯ ಹಂತ. ಮಾಂಟ್ರಿಯಲ್ ಹೆಸರು ಮಾಡಿರುವುದು ಇದರಲ್ಲೇ. ಹತ್ತರಿಂದ ಹದಿನೈದು ಸೆಂಟಿಮೀಟರ್ ಸೇರಿದರೆ ತುಂಬುವ ಕಾರ್ಯಾಚರಣೆ ಘೋಷಣೆಯಾಗುತ್ತದೆ. ಬೀದಿಯಲ್ಲಿ ಕಿತ್ತಳೆ ಬಣ್ಣದ ಫಲಕಗಳು ಬರುತ್ತವೆ: ಬೆಳಿಗ್ಗೆ 7ರಿಂದ ಸಂಜೆ 7, ಅಥವಾ ಸಂಜೆ 7ರಿಂದ ಬೆಳಿಗ್ಗೆ 7, ಇಲ್ಲಿ ಕಾರು ನಿಲ್ಲಿಸುವಂತಿಲ್ಲ. ಕೆಲಸ ಶುರುವಾಗುವ ಮುನ್ನ ಟೋಯಿಂಗ್ ಲಾರಿ ಸೈರನ್ ಮೊಳಗಿಸುತ್ತಾ ಬರುತ್ತದೆ. ಅದು ಕೊನೆಯ ಎಚ್ಚರಿಕೆ. ಆಮೇಲೂ ಉಳಿದ ಕಾರನ್ನು ಎಳೆದು ಪಕ್ಕದ ಬೀದಿಯಲ್ಲಿ ಬಿಡುತ್ತಾರೆ, ದಂಡ ಬೇರೆ. ಹೊಸದಾಗಿ ಬಂದವರು ನಗರದ ಇನ್ಫೋ-ನೇಜ್ (INFO-Neige) ಆ್ಯಪನ್ನು ಮೊದಲ ದಿನವೇ ಹಾಕಿಕೊಳ್ಳಿ. ನಿಮ್ಮ ಬೀದಿಯ ಸರದಿ ಯಾವಾಗ ಎಂದು ತಿಳಿಯುತ್ತದೆ. ಇಡೀ ಸಾಲಿನಲ್ಲಿ ಒಂದೇ ಒಂದು ಕಾರು ಉಳಿದರೂ ಯಂತ್ರಗಳ ಮೆರವಣಿಗೆಯೇ ನಿಲ್ಲುತ್ತದೆ, ಅಥವಾ ಸುತ್ತಿಕೊಂಡು ಹೋಗಿ ಅಲ್ಲಿ ಒಂದು ಹಿಮದ ದ್ವೀಪ ಬಿಡುತ್ತದೆ.

ಕೆಲಸದ ಕ್ರಮ ಹೀಗೆ: ಫುಟ್‌ಪಾತ್ ಟ್ರ್ಯಾಕ್ಟರು ಹಿಮವನ್ನು ಬೀದಿಗಿಳಿಸುತ್ತದೆ, ಗ್ರೇಡರು (ನೆಲ ಸಮ ಮಾಡುವ ಉದ್ದ ಬ್ಲೇಡಿನ ಯಂತ್ರ) ಅಂಚಿನಿಂದ ಎಳೆದು ಉದ್ದನೆಯ ಒಂದು ಏರಿ ಮಾಡುತ್ತದೆ, ಹಿಂದೆ ಬರುವ ಸ್ನೋಬ್ಲೋವರ್ ಆ ಏರಿಯನ್ನು ನುಂಗಿ ಪಕ್ಕದಲ್ಲೇ ಚಲಿಸುವ ಟಿಪ್ಪರಿಗೆ ಉಗಿಯುತ್ತದೆ. ಒಂದು ತುಂಬಿತೆಂದರೆ ಮುಂದಿನದು ಆ ಜಾಗಕ್ಕೆ ಬರುತ್ತದೆ. ಈ ಸ್ನೋಬ್ಲೋವರ್ ಆ ಸೀಮೆಯದ್ದೇ. ಕ್ವಿಬೆಕ್‌ನ ಆರ್ಥರ್ ಸಿಕಾರ್ ಅದನ್ನು 1925ರಲ್ಲಿ ರೂಪಿಸಿದರು, 1927ರಲ್ಲಿ ಮೊದಲು ಕೊಂಡದ್ದು ಮಾಂಟ್ರಿಯಲ್‌ಗೆ ಅಂಟಿಕೊಂಡ ಊಟ್ರಮಾನ್. ಮನುಷ್ಯನನ್ನು ಕ್ಷಣದಲ್ಲಿ ಎಳೆದುಕೊಳ್ಳಬಲ್ಲ ಯಂತ್ರವೂ ಹೌದು. ಮಕ್ಕಳು ಹಿಮದ ರಾಶಿಯೊಳಗೆ ಗುಹೆ ಕೊರೆದು ಆಡುತ್ತಾರೆ, ಒಳಗೆ ಮಗುವಿದ್ದರೆ ಚಾಲಕನಿಗೆ ಕಾಣದು. ಬೀದಿಯಂಚಿನ ರಾಶಿಯಲ್ಲಿ ಮಕ್ಕಳನ್ನು ಯಾವ ಕಾರಣಕ್ಕೂ ಆಡಲು ಬಿಡಬೇಡಿ. ಹಿತ್ತಲಿನಲ್ಲಿ ಆಡಲಿ.

ನಾಲ್ಕನೆಯ ಹಂತ ಸುರಿಯುವ ಜಾಗ. ನಮ್ಮ 220 ಘನ ಮೀಟರ್ ಹಿಮ ಒತ್ತಿಹೋಗಿ ಘನ ಮೀಟರಿಗೆ 400 ಕೆಜಿ ಆದರೆ 55 ಘನ ಮೀಟರ್ ಉಳಿಯುತ್ತದೆ. ಹಾಗಿದ್ದರೂ ನೂರು ಮೀಟರಿಗೆ ಎರಡು ದೊಡ್ಡ ಟಿಪ್ಪರ್ ಬೇಕು. ಇಡೀ ನಗರದಿಂದ ಒಂದು ಚಳಿಗಾಲದಲ್ಲಿ ಸರಾಸರಿ 1 ಕೋಟಿ 20 ಲಕ್ಷ ಘನ ಮೀಟರ್ ಹೊತ್ತೊಯ್ಯುತ್ತಾರೆ. ಹಿಂದೆ ಇದನ್ನು ಸೇಂಟ್ ಲಾರೆನ್ಸ್ ನದಿಗೆ ಸುರಿಯುತ್ತಿದ್ದರು. ಬೀದಿಯ ಹಿಮದಲ್ಲಿ ಉಪ್ಪು, ಎಣ್ಣೆ, ಸೀಸ, ಕಸ ಎಲ್ಲ ಇರುವುದರಿಂದ 1990ರ ದಶಕದಲ್ಲಿ ಅದು ನಿಂತಿತು. ಈಗ ಒಂದಷ್ಟು ಬಯಲಿನ ರಾಶಿಗಳಿಗೆ ಹೋಗುತ್ತದೆ, ಒಂದಷ್ಟು ಸೇಂಟ್ ಮಿಶೆಲ್ ಬಡಾವಣೆಯ ಫ್ರಾಂಕಾನ್ ಎಂಬ ಹಳೆಯ ಕಲ್ಲುಕ್ವಾರಿಗೆ. ಕ್ವಾರಿಯ ಗುಡ್ಡೆ ಬೇಸಿಗೆಯ ನಡುವೆಯೂ ಕರಗದೆ ಉಳಿದಿರುತ್ತದೆ. ಉಳಿದದ್ದಕ್ಕೆ ಜಾಣತನದ ಒಂದು ಉಪಾಯವಿದೆ: ಒಳಚರಂಡಿಯ ದೊಡ್ಡ ಸುರಂಗಗಳ ಮೇಲೆ ಬಾವಿಯಂಥ ಕಿಂಡಿಗಳನ್ನು ಮಾಡಿ ಅದರೊಳಕ್ಕೆ ಹಿಮ ಇಳಿಸುತ್ತಾರೆ. ಮನೆಗಳಿಂದ ಬರುವ ಕೊಳಚೆನೀರಿನ ಕಾವೇ ಹಿಮವನ್ನು ಕರಗಿಸುತ್ತದೆ, ನೀರು ಸಂಸ್ಕರಣಾ ಘಟಕಕ್ಕೆ ಸೇರುತ್ತದೆ. ಇದಕ್ಕೂ ಮಿತಿಯಿದೆ. ಅತಿ ಬೇಗ ಸುರಿದರೆ ಚರಂಡಿಯ ನೀರು ತಣಿದು ಹಿಮ ಕರಗದೆ ಕಟ್ಟಿಕೊಳ್ಳುತ್ತದೆ.

ಈ ವ್ಯವಸ್ಥೆ ಎಲ್ಲಿ ಕುಸಿಯುತ್ತದೆ ಎಂಬುದು 2025ರ ಫೆಬ್ರವರಿಯಲ್ಲಿ ಕಾಣಿಸಿತು. ನಾಲ್ಕು ದಿನಗಳೊಳಗೆ ಎರಡು ಬಿರುಗಾಳಿ ಬಂದು 70 ಸೆಂಟಿಮೀಟರಿಗೂ ಹೆಚ್ಚು ಹಿಮ ಸುರಿಯಿತು. ಸಾಮಾನ್ಯವಾಗಿ 20 ಸೆಂಟಿಮೀಟರನ್ನು ಎತ್ತಲು ನಾಲ್ಕೈದು ದಿನ ಬೇಕು. ಮೊದಲಿನದನ್ನು ಎತ್ತಿ ಮುಗಿಸುವ ಮೊದಲೇ ಎರಡನೆಯದು ಬಿದ್ದರೆ ಬೀದಿ ಕಿರಿದಾಗುತ್ತದೆ, ಟಿಪ್ಪರುಗಳಿಗೆ ತಿರುಗಲು ಜಾಗವಿಲ್ಲ, ಸುರಿಯುವ ಜಾಗಗಳಲ್ಲಿ ಸಾಲು ಬೆಳೆಯುತ್ತದೆ, ಎಷ್ಟು ಸ್ನೋಬ್ಲೋವರ್ ಇದ್ದರೂ ಖಾಲಿ ಟಿಪ್ಪರಿಗಾಗಿ ಕಾಯಬೇಕು. ಎರಡು ವಾರ ದಾಟಿದರೂ ಕೆಲಸ ಮುಗಿದಿರಲಿಲ್ಲ.

ಈಗ ಫುಟ್‌ಪಾತಿಗೆ ಬರೋಣ. ರಸ್ತೆಯ ಹಿಮವನ್ನು ಸಾವಿರಾರು ಚಕ್ರಗಳು ಅರೆಯುತ್ತವೆ, ಉಪ್ಪನ್ನು ಕಲೆಸುತ್ತವೆ, ಒಂದಿಷ್ಟು ಕಾವನ್ನೂ ಕೊಡುತ್ತವೆ. ಫುಟ್‌ಪಾತಿಗೆ ಆ ಸಹಾಯವಿಲ್ಲ. ಅಲ್ಲಿ ಹೆಜ್ಜೆಗಳು ಹಿಮವನ್ನು ಒತ್ತಿ ಗಟ್ಟಿ ಮಾಡುತ್ತವೆ, ಗಟ್ಟಿಯಾದದ್ದು ಕಲ್ಲಾಗುತ್ತದೆ. ಚಪ್ಪಡಿಗಳು ಏರುಪೇರಾಗಿರುವುದರಿಂದ ಬ್ಲೇಡನ್ನು ನೆಲಕ್ಕೆ ಪೂರ್ತಿ ಇಳಿಸಲಾಗದು, ಇಳಿಸಿದರೆ ಅಂಚಿಗೆ ಬಡಿದು ಯಂತ್ರ ಮುಗ್ಗರಿಸುತ್ತದೆ. ಹಾಗಾಗಿ ಒಂದೆರಡು ಸೆಂಟಿಮೀಟರ್ ಹಿಮ ಉಳಿದೇ ಉಳಿಯುತ್ತದೆ, ಜಾರುವುದು ಅದರ ಮೇಲೆಯೇ. ಮಳೆ ಬಿದ್ದು ಹೆಪ್ಪುಗಟ್ಟಿದರೆ ಹಲ್ಲುಗಳಿರುವ ಉರುಳೆಯಿಂದ ಐಸನ್ನು ಒಡೆದು ಆಮೇಲೆ ತಳ್ಳಬೇಕು. ಎಲ್ಲಕ್ಕಿಂತ ಕೆಟ್ಟ ಜಾಗ ಬೀದಿಯ ಮೂಲೆ. ಫುಟ್‌ಪಾತಿನಿಂದ ರಸ್ತೆಗಿಳಿಯುವ ಇಳಿಜಾರನ್ನು ಫುಟ್‌ಪಾತಿನ ಯಂತ್ರ ತೆರೆದಿರುತ್ತದೆ, ರಸ್ತೆಯ ಪ್ಲೋ ಬಂದು ಅದನ್ನು ಮತ್ತೆ ಮುಚ್ಚುತ್ತದೆ. ಗಾಲಿಕುರ್ಚಿಯವರಿಗೆ, ಮಗುವಿನ ತಳ್ಳುಗಾಡಿಯವರಿಗೆ, ಕೋಲೂರಿ ನಡೆಯುವವರಿಗೆ ಇಡೀ ಬೀದಿ ಸ್ವಚ್ಛವಾಗಿದ್ದೂ ಆ ಒಂದು ಮೀಟರಿನಿಂದಾಗಿ ದಾರಿಯೇ ಇಲ್ಲ. ಎರಡೂ ಯಂತ್ರಗಳ ಸರದಿಯನ್ನು ಒಟ್ಟಿಗೆ ಯೋಜಿಸದ ನಗರ ಎಷ್ಟೇ ಖರ್ಚು ಮಾಡಲಿ, ಅದು ಅರ್ಧ ಕೆಲಸವೇ.

ಬೇರೆ ಊರುಗಳು ಇದಕ್ಕೆ ಹುಡುಕಿದ ದಾರಿಗಳು ಗಮನಿಸಬೇಕಾದವು. ಸ್ವೀಡನ್ನಿನ ಕಾರ್ಲ್‌ಸ್ಕೂಗದಲ್ಲಿ ಶಿಶುವಿಹಾರ, ಬಸ್ ನಿಲ್ದಾಣ, ಕಾಲುದಾರಿಗಳನ್ನು ಮೊದಲು ತೆರೆದು ಮುಖ್ಯ ರಸ್ತೆಗಳನ್ನು ಆಮೇಲೆ ತೆರೆಯುವಂತೆ ಕ್ರಮವನ್ನೇ ಬದಲಿಸಿದರು. ಕಾರು ಹತ್ತು ಸೆಂಟಿಮೀಟರ್ ಹಿಮ ದಾಟುತ್ತದೆ, ತಳ್ಳುಗಾಡಿ ದಾಟುವುದಿಲ್ಲ ಎಂಬುದು ಅದರ ಹಿಂದಿನ ನೇರವಾದ ತರ್ಕ. ಫಿನ್ಲೆಂಡಿನ ಔಲುವಿನಲ್ಲಿ ಸೈಕಲ್ ದಾರಿಗೆ ಉಪ್ಪನ್ನೇ ಹಾಕದೆ, ಗಟ್ಟಿ ಹಿಮದ ಪದರವನ್ನು ಉಳಿಸಿ ಹಲ್ಲಿನ ಬ್ಲೇಡಿನಿಂದ ಗೆರೆ ಕೊರೆಯುತ್ತಾರೆ. ಚಳಿ ಸ್ಥಿರವಾಗಿರುವ ಊರಿಗೆ ಮಾತ್ರ ಇದು ಹೊಂದುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ತಿರುಗುವ ಪೊರಕೆಯಿಂದ ನೆಲ ಕಾಣುವಂತೆ ಗುಡಿಸಿ ಹಿಂದೆಯೇ ಉಪ್ಪುನೀರು ಬಿಡುತ್ತಾರೆ. ಪೊರಕೆ ಏರುಪೇರಿನೊಳಕ್ಕೂ ಇಳಿಯುವುದರಿಂದ ನಮ್ಮ ಫುಟ್‌ಪಾತುಗಳಿಗೆ ಇದೇ ಸರಿಯಾದ ದಿಕ್ಕು. ಜಪಾನಿನ ಸಪ್ಪೋರೊದಲ್ಲಿ ರಸ್ತೆ ದಾಟುವ ಹಲವು ಕಡೆಗಳಲ್ಲಿ ಸಣ್ಣ ಜಲ್ಲಿಯ ಪೊಟ್ಟಣ ತುಂಬಿದ ಪೆಟ್ಟಿಗೆ ಇಟ್ಟಿರುತ್ತಾರೆ, ಜಾರುವುದು ಕಂಡವರು ತಾವೇ ಬಿಚ್ಚಿ ಚೆಲ್ಲಿ ಮುಂದೆ ಹೋಗುತ್ತಾರೆ.

ಇಷ್ಟೆಲ್ಲ ಉಪ್ಪಿನ ಲೆಕ್ಕ ಏಕೆ ಎಂದರೆ, ಹಾಕಿದ ಕ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಅದು ಕೊಳೆಯದು, ಆವಿಯಾಗದು, ಸಾಮಾನ್ಯ ಸಂಸ್ಕರಣೆಯಲ್ಲಿ ಬೇರ್ಪಡದು. ಜಲಚರಗಳಿಗೆ ದೀರ್ಘಕಾಲ ಸುರಕ್ಷಿತವೆಂದು ಕೆನಡಾ ಗುರುತಿಸಿರುವ ಮಟ್ಟ ಲೀಟರಿಗೆ 120 ಮಿಲಿಗ್ರಾಂ ಕ್ಲೋರೈಡ್. ಒಂದು ಕೆಜಿ ಉಪ್ಪಿನಲ್ಲಿ ಸುಮಾರು 600 ಗ್ರಾಂ ಕ್ಲೋರೈಡ್ ಇದೆ. ಅಷ್ಟು ಸಾಕು, ಐದು ಸಾವಿರ ಲೀಟರ್ ಶುದ್ಧ ನೀರನ್ನು ಆ ಮಿತಿಗೆ ಒಯ್ಯಲು. ಸೇತುವೆಯ ಕಬ್ಬಿಣ ತುಕ್ಕು ಹಿಡಿಯುವುದು, ಕಾಂಕ್ರೀಟಿನ ಮೇಲ್ಪದರ ಸುಲಿಯುವುದು ಬೇರೆ. ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆಯ ರಸ ಬೆರೆಸಿದರೆ ಉಪ್ಪುನೀರು ರಸ್ತೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ, ತುಕ್ಕೂ ಕಡಿಮೆ. ಆದರೆ ಅದು ಕೆರೆ ಸೇರಿದರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ.

ಕೊನೆಯದಾಗಿ ನಿಮ್ಮ ಕೈಯಲ್ಲಿರುವ ಭಾಗ. ಫುಟ್‌ಪಾತಿನ ಹೊಣೆ ಊರಿಂದ ಊರಿಗೆ ಬೇರೆ. ಕ್ಯಾಲ್ಗರಿಯಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆ ಪಕ್ಕದ ಫುಟ್‌ಪಾತನ್ನು ಕಾಂಕ್ರೀಟ್ ಕಾಣುವಂತೆ ತೆರೆಯುವುದು ಮನೆಯವರ ಕೆಲಸ, ಮಾಂಟ್ರಿಯಲ್‌ನಲ್ಲಿ ನಗರದ ಕೆಲಸ. ನಿಮ್ಮ ಊರಿನ ನಿಯಮ ತಿಳಿದುಕೊಳ್ಳಿ. ಯಾರೂ ತುಳಿಯುವ ಮುನ್ನ ಸಲಿಕೆ ಹಿಡಿಯಿರಿ, ತುಳಿದ ಮೇಲೆ ಶ್ರಮ ಇಮ್ಮಡಿ. ಹಿಮವನ್ನು ಬೀದಿಗೆ ಎಸೆಯಬೇಡಿ, ಮನೆ ಮುಂದಿನ ಚರಂಡಿಯ ಕಿಂಡಿ ಮುಚ್ಚಬೇಡಿ. ಮುಚ್ಚಿದರೆ ಕರಗಿದ ನೀರು ನಿಂತು ರಾತ್ರಿ ಐಸ್ ಆಗುತ್ತದೆ. ಛಾವಣಿಯ ನೀರಿನ ಪೈಪಿನ ಬಾಯಿಯನ್ನು ನಡೆಯುವ ದಾರಿಯಿಂದ ತಿರುಗಿಸಿ. ಮೊದಲು ಗುಡಿಸಿ, ಅಂಟಿ ಉಳಿದದ್ದಕ್ಕೆ ಮಾತ್ರ ಉಪ್ಪು. ಫುಟ್‌ಪಾತಿನ ಹತ್ತು ಚಪ್ಪಡಿಗೆ ಒಂದು ದೊಡ್ಡ ಕಾಫಿ ಮಗ್ಗಿನಷ್ಟು, ಹರಳುಗಳ ನಡುವೆ ಐದಾರು ಸೆಂಟಿಮೀಟರ್ ಅಂತರವಿರುವಂತೆ. ಅರ್ಧ ಗಂಟೆ ಬಿಟ್ಟು, ಸಡಿಲವಾದದ್ದನ್ನು ಕೆರೆದು ತೆಗೆಯಿರಿ. −10ರ ಕೆಳಗೆ ಉಪ್ಪಿನ ಚೀಲ ಮುಟ್ಟದೆ ಮರಳು ಹಾಕಿ. ನೆಲ ಒಣಗಿದ ಮೇಲೂ ಹರಳು ಬಿಳಿಯಾಗಿ ಕಾಣುತ್ತಿದ್ದರೆ ಅಷ್ಟೂ ಹೆಚ್ಚಾಗಿ ಹಾಕಿದ್ದು. ಅದನ್ನು ಗುಡಿಸಿ ಡಬ್ಬಿಗೆ ತುಂಬಿಡಿ, ಮುಂದಿನ ಹಿಮಕ್ಕೆ ಬರುತ್ತದೆ.